ಕಾಡತೂಸಿನ ಬುಡದ ಅಕ್ಷರ

ಭೀಮಾತೀರ ಎಂದ ಕೂಡಲೇ ಕನ್ನಡ ಪತ್ರಿಕೆ ಓದುವವರ ಮನಸ್ಸಿಗೆ ಬರುವುದು ಹಂತಕರು, ಕಂಟ್ರಿ ಪಿಸ್ತೂಲು. ನಮ್ಮ ಭಂಡಾರಕವಠೆ ಇರುವುದು ಅದೇ ಭೀಮೆಯ ಈಚೆ ದಂಡೆಯಲ್ಲಿ, ದಕ್ಷಿಣ ಸೋಲಾಪುರ ತಾಲ್ಲೂಕಿನಲ್ಲಿ. ಆಚೆ ದಂಡೆ ವಿಜಯಪುರ ಜಿಲ್ಲೆ. ನಡುವೆ ನೀರು ಹರಿಯುತ್ತದೆ. ನೀರಿನ ಎರಡೂ ಬದಿಗೆ ಒಂದೇ ಮಾತು, ಒಂದೇ ಜೋಳದ ರೊಟ್ಟಿ, ಒಬ್ಬರ ಮಗಳು ಇನ್ನೊಬ್ಬರ ಮನೆಯ ಸೊಸೆ. ಕೆಲವೇ ಮನೆತನಗಳ ಹಗೆ ಒಂದು ಇಡೀ ನದಿಗೆ ಹೆಸರು ಕೆಡಿಸಿಬಿಟ್ಟಿತು. ಸಿನಿಮಾದವರೂ ಅದನ್ನೇ ಹಿಡಿದರು. ನನಗೆ ಇದರ ಬಗ್ಗೆ ಸಿಟ್ಟಿದೆ. ಗುಡ್ಡದ ಮರೆಯ ಕುಲುಮೆಯಲ್ಲಿ ನಳಿಗೆ ಕೊರೆದು ಮಾಡಿದ, ಹೆಸರಿಲ್ಲದ, ವರ್ಷವಿಲ್ಲದ ಆ ಕಬ್ಬಿಣದ ತುಂಡಿಗಿಂತ ಬಹಳ ಹಿಂದಿನಿಂದ ಈ ದಂಡೆಗೆ ಪಿಸ್ತೂಲಿನ ಗುರುತಿದೆ. ಆ ಗುರುತಿನಲ್ಲಿ ರಾಜರಿದ್ದಾರೆ, ಕಾಯ್ದೆಗಳಿವೆ, ಗಲ್ಲು ಇದೆ, ದಂಡು ಹಾದುಹೋದ ದಾರಿ ಇದೆ. ಅದನ್ನು ಕೇಳುವವರು ಕಡಿಮೆ.

ನನ್ನ ಹವ್ಯಾಸ ಹಳೆಯ ಫೌಜಿ ರಿವಾಲ್ವರು ಮತ್ತು ಅವುಗಳ ಕಾಲದ ಕಾಡತೂಸು. ಹೀಗೆಂದರೆ ಜನ ನನ್ನ ಸೊಂಟದ ಕಡೆ ನೋಡುತ್ತಾರೆ. ನನ್ನ ಮನೆಯಲ್ಲಿ ಪಿಸ್ತೂಲಿಲ್ಲ, ಇರಲೂ ಕೂಡದು. ನಮ್ಮ ದೇಶದ ಆಯುಧ ಕಾಯ್ದೆ ಬಂದದ್ದು 1959ರಲ್ಲಿ. ಅದರ ಕೆಳಗಿನ 1962ರ ನಿಯಮಗಳು .380 ಮತ್ತು .455ರ ಅಂಚುಳ್ಳ ಕಾಡತೂಸು ಹಾರಿಸಬಲ್ಲ ರಿವಾಲ್ವರುಗಳನ್ನು ನಿಷೇಧಿತ ಬೋರಿನ ಸಾಲಿಗೆ ಸೇರಿಸಿದವು. ಕೇಂದ್ರ ಸರಕಾರದ ವಿಶೇಷ ಪರವಾನಗಿ ಇಲ್ಲದೆ ಸಾಮಾನ್ಯ ಮನುಷ್ಯ ಅವನ್ನು ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸ್ ಸಿಗುವವರಿಗೂ ಮೊದಲು ಮೂರು ಆಯುಧಗಳ ಮಿತಿ ಇತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಹೀಗಾಗಿ ನನ್ನ ಸಂಗ್ರಹವೆಂದರೆ ನೋಟ್‌ಬುಕ್ಕು, ಪುಸ್ತಕ, ವಸ್ತುಸಂಗ್ರಹಾಲಯದ ಗಾಜಿನ ಮುಂದೆ ನಿಂತು ಬರೆದುಕೊಂಡ ಗುರುತುಗಳು, ಮತ್ತು ಗುಂಡು ಹಾರಿ ಖಾಲಿಯಾದ ಒಂದು ಹಿತ್ತಾಳೆ ಕವಚ. ಮತ್ತೆ ಉಪಯೋಗಿಸುವ ಉದ್ದೇಶವಿಲ್ಲದ ಇಂಥ ಸಣ್ಣ ಭಾಗಗಳಿಗೆ, ದುರಸ್ತಿ ಮಾಡಿದರೂ ಗುಂಡು ಹಾರಿಸಲಾರದ ಹಳೆಯ ಕಾಲದ ಆಯುಧಗಳಿಗೆ ಅದೇ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಟ್ಟಿದೆ. ಅಷ್ಟು ಕಿಂಡಿ ನನಗೆ ಸಾಕಾಗಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಿವಾಲ್ವರಿನ ಚೆಲುವಿಗೆ ಮರುಳಾಗುವವರು ಬಹಳ. ಕಪ್ಪು ನೀಲಿ ಹೊಳಪು, ವಾಲ್‌ನಟ್ ಮರದ ಹಿಡಿಕೆ, ತಿರುಗುವ ಸಿಲಿಂಡರಿನ ಟಿಕ್ ಟಿಕ್ ಸದ್ದು, ಇವೆಲ್ಲ ನನಗೂ ಇಷ್ಟ. ಆದರೆ ಕಾಡತೂಸು ಇಲ್ಲದ, ಕಾಗದ ಇಲ್ಲದ ಹಳೆಯ ರಿವಾಲ್ವರೆಂದರೆ ಸಾತ್‌ಬಾರಾ ಉತಾರ, ಅಂದರೆ ಪಹಣಿ, ಇಲ್ಲದ ಹೊಲ. ಅದು ಕಣ್ಣ ಮುಂದೆ ಇರುತ್ತದೆ, ಯಾರದು, ಎಲ್ಲಿಂದ ಬಂತು, ಏನು ಬೆಳೆಯಿತು, ಒಂದಕ್ಕೂ ಸಾಕ್ಷಿ ಇರುವುದಿಲ್ಲ. ಆ ಸಾಕ್ಷಿ ಬಹಳ ಸಲ ಕಾಡತೂಸಿನ ಬುಡದಲ್ಲಿರುತ್ತದೆ.

ನನಗೆ ಇದನ್ನು ಕಲಿಸಿದವರು ನಮ್ಮ ಸೋದರಮಾವ. ಪುಣೆಯ ಖಡಕಿಯ ಕಾಡತೂಸು ಕಾರಖಾನೆಯಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದವರು. ಸೋಲಾಪುರದ ಗುಜರಿ ಅಂಗಡಿಯ ಹಿತ್ತಾಳೆ ರಾಶಿಯಲ್ಲಿ ಆ ಖಾಲಿ ಕವಚ ಸಿಕ್ಕಾಗ ಒಯ್ದು ಅವರ ಕೈಗೆ ಕೊಟ್ಟೆ. ಅವರು ಬಾಯಿ ಕಡೆ ನೋಡಲೇ ಇಲ್ಲ, ತಿರುಗಿಸಿ ಬುಡ ನೋಡಿದರು.

“ಇದರ ಮ್ಯಾಲ ಕೆ, ಎಫ್ ಅಂತ ಅದ ನೋಡ್ರಿ ಮಾಮಾ. ಏನದು?”

“ನಮ್ಮ ಖಡಕಿ ಮಾಲದು ತಮ್ಮಾ. ಕಿರ್ಕೀ ಫ್ಯಾಕ್ಟರಿ. ಬಾಣದ ಗುರುತು ಅದಲಾ, ಅದು ಸರಕಾರದ್ದು. ಎರಡು ಅಂಕಿ ಹುಟ್ಟಿದ ವರ್ಷ. ಉಳಿದಿದ್ದು ಯಾವ ಮಾರ್ಕು ಅಂಬೋದು. ಮನಿಶ್ಯಾಗ ಹಿಂಗ ಬುಡದಾಗ ಬರದಿದ್ರ ಎಷ್ಟ್ ಚಲೋ ಇತ್ತು.”

ಖಡಕಿಯ ಕಾರಖಾನೆ 1869ರದು. ಅಲ್ಲಿಯ ಹಿತ್ತಾಳೆ ಎರಡು ಮಹಾಯುದ್ಧಗಳನ್ನು ಕಂಡಿದೆ. ನೀಲಗಿರಿಯ ಅರುವಂಕಾಡಿನಲ್ಲಿ 1904ರಿಂದ ಕಾರ್ಡೈಟ್ ಮದ್ದು ತಯಾರಾಗತೊಡಗಿತು. ಹೀಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ರಿವಾಲ್ವರಿನ ಹೊಟ್ಟೆ ತುಂಬುವ ಕೆಲಸ ನಮ್ಮ ನೆಲದ ಕೈಗಳ ಪಾಲಿಗೆ ಬಂತು. ಲೆಕ್ಕದ ಪುಸ್ತಕಗಳಲ್ಲಿ ಆ ಕೈಗಳ ಹೆಸರಿಲ್ಲ, ಬುಡದಲ್ಲಿ ಎರಡಕ್ಷರ ಮಾತ್ರ ಉಳಿದಿದೆ. ನನಗೆ ಆ ಎರಡಕ್ಷರ ರಿವಾಲ್ವರಿನ ಹಿಡಿಕೆಯ ಕೆತ್ತನೆಗಿಂತ ಹೆಚ್ಚು.

ಈ ರಿವಾಲ್ವರುಗಳಲ್ಲಿ ಹಿರಿಯದು ವೆಬ್ಲಿ. ಬ್ರಿಟಿಷ್ ಸೈನ್ಯ ಅದರ ಮೊದಲ ಮಾರ್ಕನ್ನು, ಎಂದರೆ ಮೊದಲ ಮಾದರಿಯನ್ನು, ತೆಗೆದುಕೊಂಡದ್ದು 1887ರಲ್ಲಿ. ಆರನೇ ಮಾರ್ಕು 1915ರಲ್ಲಿ, ಮೊದಲ ಮಹಾಯುದ್ಧದ ಕೆಸರಿನ ನಡುವೆ ಬಂತು. ಆರು ಇಂಚಿನ ನಳಿಗೆ, ಕಿಲೋಗಿಂತ ತುಸು ಹೆಚ್ಚು ತೂಕ, ಆರು ಕಾಡತೂಸು. ಹಿಡಿಕೆಯ ಮೇಲಿನ ಅಗುಳಿ ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಗೆ ಬಾಗಿಸಿದರೆ ಇಡೀ ಆಯುಧ ಮಧ್ಯಕ್ಕೆ ಮಡಚಿಕೊಳ್ಳುತ್ತದೆ. ಸಿಲಿಂಡರಿನ ನಡುವಿನಿಂದ ಒಂದು ನಕ್ಷತ್ರಾಕಾರದ ತಟ್ಟೆ ಮೇಲೆದ್ದು ಆರೂ ಕವಚಗಳನ್ನು ಒಟ್ಟಿಗೆ ಹೊರಗೆ ನೂಕುತ್ತದೆ. ಕಾಡತೂಸಿನ ಬುಡಕ್ಕೆ ಅಂಚು ಇರುವುದು ಇದಕ್ಕೇ, ಆ ತಟ್ಟೆಗೆ ಹಿಡಿತ ಸಿಗಲೆಂದು. ಗುಂಡು 265 ಗ್ರೇನ್, ಎಂದರೆ ಸುಮಾರು 17 ಗ್ರಾಮು. ಇಷ್ಟು ಭಾರದ ಸೀಸ ನಿಧಾನ ಹೋಗುತ್ತದೆ, ಸೆಕೆಂಡಿಗೆ ಸುಮಾರು 190 ಮೀಟರ್. ಮೊದಲು ಕರಿಮದ್ದು ತುಂಬುತ್ತಿದ್ದರು, ಕವಚ ಉದ್ದವಿತ್ತು. ಕಾರ್ಡೈಟ್ ಬಂದ ಮೇಲೆ ಅಷ್ಟು ಜಾಗ ಬೇಕಾಗಲಿಲ್ಲ. ಕಾಡತೂಸಿಗೂ ಅದರದೇ ಮಾರ್ಕುಗಳಿವೆ; 1897ರ ಎರಡನೇ ಮಾರ್ಕಿನ ಕಾಡತೂಸಿನಲ್ಲಿ ಕವಚ ಗಿಡ್ಡವಾಯಿತು. ಅಳತೆಪಟ್ಟಿ ಹಿಡಿದರೆ ಸಾಕು, ಕೈಯಲ್ಲಿರುವ ಕವಚ ಯಾವ ಕಾಲದ ವಿನ್ಯಾಸದ್ದೆಂದು ಹೇಳಬಹುದು.

ಮೊದಲ ಯುದ್ಧ ಮುಗಿದ ಮೇಲೆ ಬ್ರಿಟಿಷರಿಗೆ ಇನ್ನೊಂದು ಅರಿವಾಯಿತು. ವೆಬ್ಲಿಯ .455 ಕಾಡತೂಸಿನ ಒದೆತಕ್ಕೆ ಕೈ ಹೊಂದಬೇಕಾದರೆ ಬಹಳ ತರಬೇತಿ ಬೇಕು. ಅವಸರದಲ್ಲಿ ಕಟ್ಟಿದ ಸೈನ್ಯಕ್ಕೆ ಅಷ್ಟು ಪುರಸೊತ್ತಿಲ್ಲ. ಹಾಗಾಗಿ 1932ರ ಹೊತ್ತಿಗೆ .38ರ ಎನ್‌ಫೀಲ್ಡ್ ಬಂತು, ಅದಕ್ಕೆ 200 ಗ್ರೇನಿನ ಗುಂಡು. ಟ್ಯಾಂಕಿನೊಳಗೆ ಇಳಿಯುವಾಗ ರಿವಾಲ್ವರಿನ ಕುದುರೆಯ (ಹ್ಯಾಮರಿನ) ಕೊಕ್ಕೆ ಬಟ್ಟೆಗೆ, ತಂತಿಗೆ ಸಿಕ್ಕಿಕೊಳ್ಳುತ್ತದೆಂದು 1938ರಲ್ಲಿ ಆ ಕೊಕ್ಕೆಯನ್ನೇ ತೆಗೆದ ಮಾದರಿ ಮಾಡಿದರು. ಎರಡನೇ ಯುದ್ಧದಲ್ಲಿ ಅಮೆರಿಕೆಯ ಸ್ಮಿತ್ ಅಂಡ್ ವೆಸನ್ ಕೂಡ ಇದೇ ಕಾಡತೂಸಿಗೆ ಹೊಂದುವ ರಿವಾಲ್ವರುಗಳನ್ನು ರಾಶಿ ರಾಶಿ ಕಳಿಸಿತು.

ಇನ್ನು .455ರ ಮೂರನೇ ಮಾರ್ಕಿನ ಕಾಡತೂಸು. ಇದರ ಮುಂದೆ ನಾನು ತುಸು ಹೊತ್ತು ನಿಲ್ಲಬೇಕು. 1898ರಲ್ಲಿ ಬಂದ ಈ ಗುಂಡಿಗೆ ಮೂತಿಯೇ ಇಲ್ಲ. ಮುಂದೆ ಒಂದು ಕುಳಿ, ಹಿಂದೆ ಒಂದು ಕುಳಿ. ಮೈಗೆ ತಾಗಿದ ಕೂಡಲೇ ಸೀಸ ಅಗಲಕ್ಕೆ ಅರಳಿ ಮಾಂಸ ಹರಿಯಲೆಂದೇ ಮಾಡಿದ್ದು. ಅದೇ ವರ್ಷಗಳಲ್ಲಿ ಕಲಕತ್ತೆಯ ಪಕ್ಕದ ದಮ್‌ದಮ್ ಕಾರಖಾನೆಯಲ್ಲಿ ರೈಫಲ್ಲಿಗೂ ಅರಳುವ ಗುಂಡು ತಯಾರಾಗಿ, ಆ ಊರಿನ ಹೆಸರು ಜಗತ್ತಿನ ಹಲವು ಭಾಷೆಗಳಲ್ಲಿ ಒಂದು ಕ್ರೂರ ವಸ್ತುವಿನ ಹೆಸರಾಗಿ ಸೇರಿಹೋಯಿತು. 1899ರಲ್ಲಿ ಹೇಗ್ ನಗರದಲ್ಲಿ ದೇಶಗಳು ಕೂಡಿ ಇಂಥ ಗುಂಡನ್ನು ಬಳಸಬಾರದೆಂದು ಘೋಷಣೆ ಮಾಡಿದವು. ಬ್ರಿಟನ್ನಿನ ಪ್ರತಿನಿಧಿ ಸರ್ ಜಾನ್ ಆರ್ಡಾ ವಿರೋಧಿಸಿದ. ಅವನ ವಾದದ ಸಾರ ಇಷ್ಟೇ: ನಾಗರಿಕ ದೇಶದ ಸೈನಿಕ ಸಾದಾ ಗುಂಡು ತಗಲಿದರೆ ನಿಲ್ಲುತ್ತಾನೆ, ಅನಾಗರಿಕ ನಿಲ್ಲುವುದಿಲ್ಲ, ಅವನನ್ನು ನಿಲ್ಲಿಸಲು ಬೇರೆ ಗುಂಡು ಬೇಕು. ಆ ಅನಾಗರಿಕರೆಂದರೆ ನಾವು, ಮತ್ತು ಆಫ್ರಿಕದವರು. ಕೊನೆಗೆ ಮೂರನೇ ಮಾರ್ಕು ವಾಪಸಾಯಿತು. 1912ರಲ್ಲಿ ಚಪ್ಪಟೆ ಮೂತಿಯ ನಾಲ್ಕನೆಯದು ಬಂತು. 1914ರಲ್ಲಿ ಎದುರಿಗೆ ಜರ್ಮನರು ನಿಂತಾಗ, ಸಿಕ್ಕಿಬಿದ್ದ ಅಧಿಕಾರಿಗಳ ಚೀಲದಲ್ಲಿ ಇಂಥ ಗುಂಡು ಕಂಡರೆ ದೂರು ಬರುತ್ತದೆಂದು ದುಂಡು ಮೂತಿಯ ಎರಡನೇ ಮಾರ್ಕಿಗೇ ಮರಳಿದರು. ಈ ಒಂದು ಸಾಲು ಕಾಡತೂಸುಗಳನ್ನು ಮೇಜಿನ ಮೇಲೆ ವರ್ಷದ ಕ್ರಮದಲ್ಲಿ ಇಟ್ಟು ನೋಡಿ. ಸಾಮ್ರಾಜ್ಯ ಯಾರನ್ನು ಮನುಷ್ಯನೆಂದು ಎಣಿಸಿತು, ಯಾರನ್ನು ಎಣಿಸಲಿಲ್ಲ ಎನ್ನುವುದು ಸೀಸದ ಮೂತಿಯಲ್ಲೇ ಇದೆ. ಬರೀ ರಿವಾಲ್ವರು ಕೂಡಿಸುವವನಿಗೆ ಇದು ತಿಳಿಯುವುದೇ ಇಲ್ಲ, ಯಾಕೆಂದರೆ ಎಲ್ಲ ಮಾರ್ಕೂ ಹಾರುವುದು ಅದೇ ನಳಿಗೆಯಿಂದ.

ಮಾಮಾ ಹೇಳಿದ ಇನ್ನೊಂದು ಸಂಗತಿ ನನಗೆ ಬಹಳ ಪ್ರೀತಿಯದು. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ದಂಡಿನ ಚಟುವಟಿಕೆ ನಿಂತಾಗ ಕಾಡತೂಸುಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದು ನೋಡಿದರೆ ಹಿತ್ತಾಳೆಯ ಕವಚ ತಾನಾಗಿ ಸೀಳಿರುತ್ತಿತ್ತು, ಯಾರೂ ಮುಟ್ಟಿರುತ್ತಿರಲಿಲ್ಲ. ಕಾರಣ ತಿಳಿಯಲು ವರ್ಷಗಳೇ ಬೇಕಾದವು. 1921ರಲ್ಲಿ ಅದರ ಪೂರ್ತಿ ವಿವರಣೆ ಬಂತು. ಕುದುರೆ ಉಚ್ಚೆಯಿಂದ ಏಳುವ ಅಮೋನಿಯ, ಮಳೆಗಾಲದ ಹಸಿ ಗಾಳಿ, ಮತ್ತು ಅಚ್ಚಿನಲ್ಲಿ ಎಳೆದಾಗ ಹಿತ್ತಾಳೆಯೊಳಗೆ ಉಳಿದುಬಿಟ್ಟ ಬಿಗಿತ, ಈ ಮೂರೂ ಕೂಡಿ ಸೀಳುತ್ತಿದ್ದವು. ಕವಚವನ್ನು ಹದವಾಗಿ ಕಾಸಿ ಆ ಬಿಗಿತ ಇಳಿಸಿದರೆ ಸೀಳುವುದಿಲ್ಲ. ಇಂದಿಗೂ ಲೋಹಶಾಸ್ತ್ರದ ಪಾಠಗಳಲ್ಲಿ ಈ ಹಿಂದುಸ್ತಾನದ ಲಾಯದ ಕಥೆ ಬರುತ್ತದೆ. “ಹಿತ್ತಾಳಿಗೂ ಒಳಗಿಂದೊಳಗ ತ್ರಾಸ ಇರತದಪಾ, ಅದನ್ನ ಇಳಿಸಬೇಕು, ಇಲ್ಲಂದ್ರ ಒಂದಿನ ಒಡೀತದ” ಎಂದಿದ್ದರು ಮಾಮಾ, ತಮ್ಮ ಕೆಲಸದ ಬಗ್ಗೆ ಹೆಮ್ಮೆಯಿಂದ. ಹಳೆಯ ಕಾಡತೂಸಿನ ಕುತ್ತಿಗೆಯಲ್ಲಿ ಕೂದಲಿನಷ್ಟು ತೆಳ್ಳನೆ ಗೆರೆ ಕಂಡರೆ ಅದು ಗೀಚು ಇರಲಿಕ್ಕಿಲ್ಲ, ಈ ಸೀಳಿರಬಹುದು. ಹಾಗೆಯೇ ಹಸಿರು ಕಿಲುಬು ಕಟ್ಟಿದ ತುಂಬಿದ ಕಾಡತೂಸು ಎಲ್ಲಾದರೂ ಸಿಕ್ಕರೆ ತಿಕ್ಕಲು, ಬಿಚ್ಚಲು, ಬಿಸಿಲಿಗಿಡಲು ಹೋಗಬಾರದು. ವಯಸ್ಸಾದ ಮೇಲೆ ಅದರ ಬುಡದ ಕಿಡಿಮದ್ದನ್ನು ನಂಬುವಂತಿಲ್ಲ. ಪೊಲೀಸರಿಗೆ ತಿಳಿಸುವುದೊಂದೇ ದಾರಿ.

ನದಿಯ ಕಡೆಗೆ ಬರುತ್ತೇನೆ. ನಮ್ಮ ಊರಿನಿಂದ ಭೀಮೆ ಕೆಳಗೆ ಹರಿಯುತ್ತಾ ಕೃಷ್ಣೆಯನ್ನು ಸೇರುವ ಮೊದಲು ಎಡಕ್ಕೂ ಬಲಕ್ಕೂ ಹಳೆಯ ಸಂಸ್ಥಾನಗಳ ನೆಲವಿದೆ. ಭೀಮೆ ಕೃಷ್ಣೆಯರ ನಡುವಿನ ಸುರಪುರ ಅವುಗಳಲ್ಲೊಂದು. ಬೇಡ ನಾಯಕರ ರಾಜ್ಯ. ರಾಜಾ ವೆಂಕಟಪ್ಪ ನಾಯಕ ಮಗುವಾಗಿದ್ದಾಗ ರಾಜ್ಯ ನೋಡಿಕೊಂಡವನು ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಠಗ್ಗನೊಬ್ಬನ ಕಥೆ ಬರೆದು 1839ರಲ್ಲೇ ಹೆಸರು ಮಾಡಿದವನು. ಮುಂದೆ ನಮ್ಮ ಸೋಲಾಪುರದ ಪಕ್ಕದ ನಳದುರ್ಗದಲ್ಲೂ ಅಧಿಕಾರಿಯಾಗಿದ್ದ. ಹುಡುಗ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂದು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

1857ರಲ್ಲಿ ಕಂಪನಿ ಸರಕಾರ ಜನರ ಕೈಯ ಆಯುಧ ಕಸಿಯುವ ಕಾಯ್ದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ನಿಂತರು. ಊರಿಗೇ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಹಲಗಲಿಯ ಬೇಡರ ಲಾವಣಿ ಕನ್ನಡದ ಮಕ್ಕಳಿಗೆ ಗೊತ್ತು. ಮುಂದಿನ ವರ್ಷ ಸುರಪುರ ಎದ್ದಿತು. ಸೋತಿತು. ವೆಂಕಟಪ್ಪ ನಾಯಕ ಸೆರೆಯಾದ. ಟೇಲರ್ ಹೋಗಿ ನೋಡಿದಾಗ ಅವನು ಕೇಳಿಕೊಂಡದ್ದು ಜೀವವನ್ನಲ್ಲ, ಕಳ್ಳನಂತೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿರಿ ಎಂದು. ಮರಣದಂಡನೆ ಇಳಿದು ಗಡೀಪಾರಾಯಿತು, ಅದೂ ಇಳಿದು ನಾಲ್ಕು ವರ್ಷದ ಸೆರೆವಾಸವಾಯಿತು. ಮದ್ರಾಸಿನ ಕಡೆ ಒಯ್ಯುವಾಗ, 1858ರ ಮೇ ತಿಂಗಳಲ್ಲಿ, ಸಿಕಂದರಾಬಾದಿನಿಂದ ಹೊರಟ ಮೊದಲ ಮಜಲಿನಲ್ಲೇ ಅವನು ಸತ್ತ. ಕಾವಲಿನ ಇಂಗ್ಲಿಷ್ ಅಧಿಕಾರಿ ಕುರ್ಚಿಗೆ ತೂಗುಹಾಕಿದ್ದ ರಿವಾಲ್ವರನ್ನು ತೆಗೆದುಕೊಂಡು ತನಗೆ ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದಿದ್ದಾನೆ. ದೊರೆಗೆ ಆಗ ಇಪ್ಪತ್ತನಾಲ್ಕನೇ ವರ್ಷ. ಸುರಪುರದ ಜನ ಇದನ್ನು ಇಂದಿಗೂ ಒಪ್ಪುವುದಿಲ್ಲ. ಗುಂಡು ಹೊಡೆದವರು ಇಂಗ್ಲಿಷರೇ ಎನ್ನುತ್ತಾರೆ.

ಆ ಕಾಲದ ರಿವಾಲ್ವರಿಗೆ ಹಿತ್ತಾಳೆಯ ಕಾಡತೂಸು ಇರಲಿಲ್ಲ. ಅಧಿಕಾರಿಗಳು ತಮ್ಮ ದುಡ್ಡಿನಿಂದ ಆಡಮ್ಸ್, ಟ್ರಾಂಟರ್ ಅಥವಾ ಅಮೆರಿಕೆಯ ಕೋಲ್ಟ್ ಕೊಂಡುಕೊಳ್ಳುತ್ತಿದ್ದರು. ಸಿಲಿಂಡರಿನ ಒಂದೊಂದು ಗೂಡಿಗೂ ಮುಂದಿನಿಂದ ಮದ್ದು ಸುರಿದು, ಸೀಸದ ಗುಂಡು ಒತ್ತಿ, ಹಿಂದೆ ತಾಮ್ರದ ಸಣ್ಣ ಟೋಪಿ ತೊಡಿಸಬೇಕು. ಬನಾತು ಹೊದಿಸಿದ ಮರದ ಪೆಟ್ಟಿಗೆಯಲ್ಲಿ ರಿವಾಲ್ವರಿನ ಜೊತೆ ಮದ್ದಿನ ಬುರುಡೆ, ಗುಂಡು ಎರೆಯುವ ಅಚ್ಚು, ಟೋಪಿಗಳ ಡಬ್ಬಿ ಇರುತ್ತಿದ್ದವು. ಸಂಗ್ರಾಹಕರು ಒಂಟಿ ರಿವಾಲ್ವರಿಗಿಂತ ಇಂಥ ಪೂರ್ತಿ ಪೆಟ್ಟಿಗೆಗೆ ಹಲವು ಪಟ್ಟು ಬೆಲೆ ಕೊಡುವುದು ಸರಿಯಾಗಿಯೇ ಇದೆ. ಆ ಅಚ್ಚು ಕಳೆದುಹೋದರೆ ಆ ನಳಿಗೆಗೆ ಹೊಂದುವ ಗುಂಡು ಲೋಕದಲ್ಲಿ ಇನ್ನೆಲ್ಲೂ ಸಿಗದೇ ಹೋಗಬಹುದು. ಹರಾಜಿನ ಪಟ್ಟಿಗಳಲ್ಲಿ 1850ರ ದಶಕದ ಆಡಮ್ಸ್ ಚಿತ್ರ ಬಂದಾಗಲೆಲ್ಲ, ಅದು ಹಿಂದುಸ್ತಾನದಲ್ಲಿ ದುಡಿದ ಅಧಿಕಾರಿಯದೆಂದು ಬರೆದಿದ್ದರೆ, ನಾನು ರೆಜಿಮೆಂಟಿನ ಹೆಸರು ಹುಡುಕುತ್ತೇನೆ, ಸುರಪುರ ಎನ್ನುವ ಅಕ್ಷರ ಹುಡುಕುತ್ತೇನೆ. ನಾನು ಹುಡುಕುವುದು ಕನ್ನಡ ನಾಡಿನ ಒಬ್ಬ ದೊರೆಯ ಮೈಹೊಕ್ಕ ಗುಂಡು ಹೊರಟ ಆಯುಧವನ್ನು. ಅಂಥದ್ದಕ್ಕೆ ಚೀಟಿ ಅಂಟಿಸುವವರಿಲ್ಲದೆ ಹೋದದ್ದು ನನಗೆ ಇವತ್ತಿಗೂ ನೋವು.

ಅಲ್ಲಿಂದ ಇಪ್ಪತ್ತು ವರ್ಷಕ್ಕೆ, 1878ರಲ್ಲಿ, ಲಾರ್ಡ್ ಲಿಟ್ಟನ್ನನ ಆಯುಧ ಕಾಯ್ದೆ ಬಂತು. ಇಂಗ್ಲಿಷರಿಗೆ ಲೈಸೆನ್ಸ್ ಬೇಡ, ಹಿಂದುಸ್ತಾನದವರಿಗೆ ಬೇಕು. ಕೊಡಗಿನವರಿಗೆ ಕೋವಿಯ ವಿನಾಯಿತಿ ಇತ್ತು, ಅದು ಇನ್ನೂ ನಡೆದುಕೊಂಡು ಬಂದಿದೆ. ಮರುವರ್ಷ, 1879ರ ಜುಲೈನಲ್ಲಿ, ಬಂಡಾಯದ ವಾಸುದೇವ ಬಳವಂತ ಫಡಕೆ ಸೆರೆ ಸಿಕ್ಕಿದ್ದು ಇದೇ ಭೀಮೆಯ ದಂಡೆಯ ದೇವರನಾವದಗಿಯಲ್ಲಿ. 1907ರಲ್ಲಿ .450 ಬೋರಿನ ಆಯುಧಗಳ ಮೇಲೂ ನಿಷೇಧ ಬಂತು, ದಂಡಿನ ಕಾಡತೂಸು ಕದ್ದು ಬಂಡಾಯಗಾರರು ಹೊಡೆದಾರೆಂದು. ಆಗ ಇಂಗ್ಲೆಂಡಿನ ಬಂದೂಕು ತಯಾರಕರು .470ರಂಥ ಹೊಸ ಅಳತೆಗಳನ್ನು ಹುಟ್ಟಿಸಿದರು. ಸ್ವತಂತ್ರ ಭಾರತದ ನಿಯಮಗಳಲ್ಲಿರುವ ನಿಷೇಧಿತ ಬೋರೂ ಅದೇ ಭಯದ ಮೊಮ್ಮಗು. ಇದರಿಂದಲೇ ನಮ್ಮ ಲೈಸೆನ್ಸಿನವರ ಕೈಯಲ್ಲಿ ಇಂದಿಗೂ .32ರ ರಿವಾಲ್ವರು ಕಾಣುವುದು. ಸರಕಾರಿ ಕಾರಖಾನೆ ಮಾಡುವ .32 ಕೂಡ ವೆಬ್ಲಿಯ ನಾಲ್ಕನೇ ಮಾರ್ಕಿನ ಮೈಕಟ್ಟನ್ನೇ ಹೊತ್ತಿದೆ. ನಿಷೇಧ ಇರಬಾರದೆಂದು ನಾನು ಹೇಳುವವನಲ್ಲ. ನಮ್ಮ ದಂಡೆಯಲ್ಲಿ ಬೆಳೆದವರಿಗೆ, ಪಿಸ್ತೂಲು ಸುಲಭವಾಗಿ ಸಿಕ್ಕರೆ ಮನೆತನಗಳು ಏನಾಗುತ್ತವೆ ಎನ್ನುವುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೋಲಾಪುರದ ನಾಲ್ವರು ಹುತಾತ್ಮರ ಚಾರ್ ಪುತಳಾ ಚೌಕದಲ್ಲಿ ನಿಂತಾಗಲೂ ಈ ಕಾಡತೂಸಿನ ಲೆಕ್ಕ ನೆನಪಾಗುತ್ತದೆ. 1930ರ ಮೇ ತಿಂಗಳಲ್ಲಿ ಗಾಂಧೀಜಿ ಬಂಧನದ ಸುದ್ದಿಗೆ ಗಿರಣಿಯ ಊರು ಎದ್ದಿತು, ಪೊಲೀಸರ ಗುಂಡಿಗೆ ಜನ ಬಿದ್ದರು, ಕೆಲ ದಿನ ಆಡಳಿತವೇ ಊರು ಬಿಟ್ಟಿತ್ತು. ಮೇ 12ರಿಂದ ಜೂನ್ ಕೊನೆಯವರೆಗೆ ಮಾರ್ಶಲ್ ಲಾ. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ನಾಲ್ವರನ್ನೂ 1931ರ ಜನವರಿ 12ರಂದು ಯರವಡೆಯಲ್ಲಿ ಗಲ್ಲಿಗೇರಿಸಿದರು. ಆ ಕಾಲಕ್ಕೆ ಬ್ರಿಟಿಷ್ ಸೈನ್ಯಾಧಿಕಾರಿಯ ಸೊಂಟದ ಆಯುಧ .455 ವೆಬ್ಲಿ. ಸ್ವಾತಂತ್ರ್ಯದ ಮರುವರ್ಷ, 1948ರ ಸೆಪ್ಟೆಂಬರ್ 13ರಂದು, ಜನರಲ್ ಚೌಧರಿಯವರ ದಂಡು ಹೈದರಾಬಾದಿನ ಕಡೆ ಹೊರಟದ್ದೂ ಸೋಲಾಪುರದಿಂದಲೇ. ಮೊದಲ ದಿನವೇ ನಳದುರ್ಗ ಸಿಕ್ಕಿತು. ಟೇಲರ್ ಆಳಿದ್ದ ಅದೇ ನಳದುರ್ಗ.

ನನ್ನ ಹವ್ಯಾಸಕ್ಕೆ ಹತ್ತಿರದ ತೀರ್ಥವೆಂದರೆ ಅಕ್ಕಲಕೋಟೆ. ಲೋಕಕ್ಕೆ ಅದು 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಊರು. ಆ ಸಂಸ್ಥಾನದ ಹುಟ್ಟೂ ಒಂದು ಕಾಳಗದಿಂದಲೇ. ಶಾಹೂ ಮಹಾರಾಜರು ಮೊಗಲರ ಸೆರೆಯಿಂದ ಮರಳುವಾಗ ಪಾರದ ಎಂಬ ಊರಿನಲ್ಲಿ ಎದುರಾದ ಜಗಳದಲ್ಲಿ ಪಾಟೀಲ ಸತ್ತ. ಅವನ ಹೆಂಡತಿ ಮಗುವನ್ನು ತಂದು ಶಾಹೂ ಅವರ ಕಾಲಿಗೆ ಹಾಕಿದಳು. ಅವರು ಆ ಮಗುವನ್ನು ತಮ್ಮದೆಂದು ಎತ್ತಿಕೊಂಡು ಫತೇಸಿಂಹ ಎಂದು ಹೆಸರಿಟ್ಟರು. ಅವನೇ ಅಕ್ಕಲಕೋಟೆಯ ಭೋಸಲೆ ಮನೆತನದ ಮೂಲಪುರುಷ. ಕನ್ನಡ ಮಾತಾಡುವ ಪ್ರಜೆಗಳ ಮೇಲೆ ಮರಾಠಿ ದೊರೆ, 1948ರವರೆಗೆ. ಅರಮನೆಯ ಶಸ್ತ್ರಾಗಾರದಲ್ಲಿ ಆ ಮನೆತನ ಕೂಡಿಸಿದ ಕತ್ತಿ, ಢಾಲು, ಬಂದೂಕು, ಪಿಸ್ತೂಲುಗಳಿವೆ. ಬಂದವರು ಕತ್ತಿಯ ಮುಂದೆ ಹೆಚ್ಚು ನಿಲ್ಲುತ್ತಾರೆ. ನಾನು ನಿಲ್ಲುವುದು ಸಣ್ಣ ಆಯುಧಗಳ ಮುಂದೆ. ಖಂಡೇನವಮಿಗೆ ಆಯುಧ ತೊಳೆದು, ಕುಂಕುಮ ಹಚ್ಚಿ, ಬನ್ನಿ ಏರಿಸುವ ಸೀಮೆ ನಮ್ಮದು. ಆಯುಧವನ್ನು ಗೌರವಿಸುವುದು, ಉಪಯೋಗಿಸದೆ ಇರುವುದು, ಎರಡೂ ಒಟ್ಟಿಗೆ ಸಾಧ್ಯವೆಂದು ಆ ಹಬ್ಬ ಮೊದಲೇ ನಮಗೆ ರೂಢಿ ಮಾಡಿಸಿದೆ.

ಬೇರೆ ದೇಶಗಳಲ್ಲಿ ಈ ಸಂಗ್ರಹಕ್ಕೆ ಬೇರೆ ಬೇರೆ ಬೇಲಿ. ಅಮೆರಿಕೆಯ 1968ರ ಕಾಯ್ದೆ 1899ಕ್ಕಿಂತ ಮೊದಲು ತಯಾರಾದದ್ದನ್ನು ಹಳೆಯ ವಸ್ತುವೆಂದು ಹೊರಗಿಟ್ಟಿತು. ಬ್ರಿಟನ್ನಿನಲ್ಲಿ 1996ರ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ಮೇಲೆ 1997ರಲ್ಲಿ ಕೈಬಂದೂಕುಗಳನ್ನು ಬಹುತೇಕ ನಿಷೇಧಿಸಿದರು; ಚರಿತ್ರೆಯ ಮಹತ್ವ ಇರುವಂಥವಕ್ಕೆ ಮಾತ್ರ ಕಟ್ಟುನಿಟ್ಟಿನ ಒಂದು ಬಾಗಿಲು ಉಳಿಯಿತು. ಆದರೆ ಸ್ವಾತಂತ್ರ್ಯ ಹೆಚ್ಚಿದ್ದಲ್ಲಿ ಚರಿತ್ರೆ ಚೆನ್ನಾಗಿ ಉಳಿಯುತ್ತದೆಂದೇನಿಲ್ಲ. ಎರಡನೇ ಯುದ್ಧದ ನಂತರ ಅಮೆರಿಕೆಗೆ ಹೋದ ವೆಬ್ಲಿಗಳಿಗೆ .455 ಕಾಡತೂಸು ಅಲ್ಲಿ ಸುಲಭಕ್ಕೆ ಸಿಗಲಿಲ್ಲ. ವ್ಯಾಪಾರಿಗಳು ಸಿಲಿಂಡರಿನ ಹಿಂಭಾಗವನ್ನು ಅರೆದು, ಅಲ್ಲಿಯ .45 ಪಿಸ್ತೂಲಿನ ಅಂಚಿಲ್ಲದ ಕಾಡತೂಸು ಕೂಡುವ ಹಾಗೆ ಮಾಡಿ ಮಾರಿದರು. ಆ ಹೊಸ ಕಾಡತೂಸಿನ ಒತ್ತಡ ಹಳೆಯ ಉಕ್ಕು ತಡೆಯುವುದಕ್ಕಿಂತ ಹೆಚ್ಚು. ಕೆಲವು ಸಿಲಿಂಡರುಗಳು ಒಡೆದವು, ಉಳಿದವು ಅರೆದ ಬೆನ್ನು ಹೊತ್ತು ಬದುಕಿವೆ. ಕಾಡತೂಸು ಸಿಗಲಿಲ್ಲವೆಂದು ಆಯುಧವನ್ನೇ ಕೊರೆದ ಈ ಕೆಲಸವನ್ನು ನಾನು ಸಹಿಸಲಾರೆ. ಸುಮ್ಮನೆ ಖಾಲಿ ಇಟ್ಟಿದ್ದರೆ ಏನಾಗುತ್ತಿತ್ತು?

ನಮ್ಮ ಕಡೆಯ ನಷ್ಟ ಬೇರೆ ತರಹದ್ದು. ಇಲ್ಲಿ ಆಯುಧ ಕೆಡುವುದಕ್ಕಿಂತ ಮೊದಲು ಕಾಗದ ಹೋಗುತ್ತದೆ. ನದಿಯ ಆಚೆ ಊರಿನ ಒಂದು ವಾಡೆಯಲ್ಲಿ, ಹಿರಿಯರು ತೀರಿಕೊಂಡ ಮೇಲೆ ಮಕ್ಕಳು .32ರ ರಿವಾಲ್ವರನ್ನು ಕಾಯ್ದೆಯ ಪ್ರಕಾರ ಡೀಲರಿಗೆ ಒಪ್ಪಿಸಿದರು. ಒಳ್ಳೆಯದಾಯಿತು. ಹಳೆಯ ಲೈಸೆನ್ಸ್ ಪುಸ್ತಕ ಮಾತ್ರ ಟ್ರಂಕಿನಲ್ಲಿ ಉಳಿದಿತ್ತು, ರದ್ದಿಗೆ ಹಾಕುವುದರಲ್ಲಿದ್ದರು. ಮನೆಯ ಹಿರಿಯ ಸೊಸೆ, ನಮ್ಮ ಬಳಗದವರೇ, “ಅಣ್ಣಾ, ನಿಮಗ ಇಂಥಾದ್ದು ಬೇಕಂತಲ್ರೀ, ನೋಡ್ರಿ” ಎಂದು ಕರೆಸಿದರು. ನಾಲ್ಕು ಮೂಲೆ ಹಣ್ಣಾದ ಆ ಪುಸ್ತಕದಲ್ಲಿ ಕಾಡತೂಸು ಕೊಂಡ ಒಂದೊಂದು ಸಲದ ದಾಖಲೆ ಇತ್ತು: ತಾರೀಖು, ಸಂಖ್ಯೆ, ಸೋಲಾಪುರದ ಅಂಗಡಿಯ ಮೊಹರು. ಚುನಾವಣೆ ಬಂದಾಗಲೆಲ್ಲ ಆಯುಧವನ್ನು ಠಾಣೆಯಲ್ಲಿ ಜಮಾ ಮಾಡಿದ್ದು, ಮತ್ತೆ ಬಿಡಿಸಿಕೊಂಡದ್ದು. ಬರಗಾಲದ ವರ್ಷಗಳಲ್ಲಿ ಕೊಂಡದ್ದು ಹೆಚ್ಚು, ಆಮೇಲೆ ಇಳಿಯುತ್ತಾ ಬಂದು ಕೊನೆಯ ಹತ್ತು ಹನ್ನೆರಡು ವರ್ಷ ಒಂದೂ ಕೊಂಡಿಲ್ಲ. ಒಂದು ಮನೆತನದ ಭಯ ಯಾವಾಗ ಏರಿತು, ಯಾವಾಗ ಇಳಿಯಿತು ಎನ್ನುವುದು ಅಂಗಡಿಯವನ ಕೈಬರಹದಲ್ಲಿತ್ತು.

“ಇದರಾಗ ಏನದರೀ ಅಣ್ಣಾ ಅಂಥಾದ್ದು?” ಎಂದರು ಅವರು.

“ನಿಮ್ಮ ಮಾವನವರ ಇಡೀ ಜೀವನ ಅದ ತಂಗಿ. ರದ್ದಿಗೆ ಹಾಕಬ್ಯಾಡ್ರಿ” ಎಂದೆ.

ಪುಟಪುಟದ ಫೋಟೋ ತೆಗೆದುಕೊಂಡು ಪುಸ್ತಕವನ್ನು ಅವರ ಕೈಗೇ ಕೊಟ್ಟು ಬಂದೆ. ಅಂದಿನಿಂದ ಗುರುತಿನವರಿಗೆಲ್ಲ ಒಂದೇ ಬೇಡಿಕೆ ಇಡುತ್ತಿದ್ದೇನೆ. ಹಿರಿಯರ ಆಯುಧ ಠಾಣೆಗೋ ಡೀಲರಿಗೋ ಒಪ್ಪಿಸುವ ಮೊದಲು ಪರವಾನಗಿ ಇದ್ದವರ ಎದುರಿಗೇ ಅದರ ಮೈಮೇಲಿನ ಅಂಕಿ, ಅಕ್ಷರ, ಮೊಹರು ಬರೆದಿಟ್ಟುಕೊಳ್ಳಿ. ಕಾಡತೂಸು ಇದ್ದರೆ ಅದನ್ನೂ ಜೊತೆಗೇ ಒಪ್ಪಿಸಿ, ಆದರೆ ಒಪ್ಪಿಸುವ ಮುನ್ನ ಬುಡದ ಅಕ್ಷರ ನೋಡಿಕೊಳ್ಳಿ. ರಸೀದಿ, ಲೈಸೆನ್ಸ್ ಪುಸ್ತಕ ಹೊರಗೆ ಹಾಕಬೇಡಿ. ಈ ದೀಪಾವಳಿಗೆ ಮಾಮಾ ನಮ್ಮ ಮನೆಗೆ ಬರುತ್ತಾರೆ. ವಾಡೆಯ ಆ ಫೋಟೋಗಳನ್ನು ಅವರ ಮುಂದೆ ಹರಡಿ, ಯಾವ ವರ್ಷದ ಮಾಲು ಯಾವ ಕಾರಖಾನೆಯದಿರಬೇಕೆಂದು ಇಬ್ಬರೂ ಕೂತು ನೋಡುವುದಿದೆ.